ಜೇಡವಲ್ಲದ ಜೇಡಗಳು

ಮಳೆ ಬಿಟ್ಟು ಬಿಸಿಲು ಬೀಳುವ ಹೊತ್ತಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ಮುಂಡಾಜೆ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಎದ್ದವರ ಕುತ್ತಿಗೆಯ ಮೇಲೋ ಕಣ್ಣಿನ ಬದಿಯಲ್ಲೋ ಉದ್ದಕ್ಕೆ ಒಂದು ಕೆಂಪು ಗೆರೆ ಕಾಣಿಸಿಕೊಳ್ಳುವುದುಂಟು. ಮೊದಲು ಉರಿ, ಒಂದೆರಡು ದಿನಗಳಲ್ಲಿ ನೀರುಗುಳ್ಳೆ. ‘ಜೇಡ ಹರಿದದ್ದು’ ಎಂದು ಹಿರಿಯರು ಹೇಳುತ್ತಾರೆ, ‘ಜೇಡ ಮೂತ್ರ ಹೊಯ್ದದ್ದು’ ಎನ್ನುವವರೂ ಇದ್ದಾರೆ. ಹಿಡಿಸೂಡಿ ಹಿಡಿದು ಮಾಡಿನ ಮೂಲೆಯ ಬಲೆಗಳನ್ನೆಲ್ಲ ಬಳಿದು ತೆಗೆಯುವ ಕೆಲಸ ಅಂದೇ ಶುರುವಾಗುತ್ತದೆ.

ಆ ಗೆರೆಯಲ್ಲಿ ಜೇಡದ ಪಾಲು ಏನೂ ಇಲ್ಲ. ಪೆಡೇರಸ್ ಎಂಬ ಸಣ್ಣ ಹುಳದ ಕೆಲಸ ಅದು. ಜೀರುಂಡೆಗಳ ಬಳಗಕ್ಕೆ ಸೇರಿದ್ದು, ಮೈಮೇಲೆ ಕಿತ್ತಳೆ ಮತ್ತು ಕಪ್ಪು ಪಟ್ಟೆ, ಉದ್ದ ಒಂದು ಸೆಂಟಿಮೀಟರೂ ಇಲ್ಲ. ಗದ್ದೆಯ, ತೋಟದ ತೇವದಲ್ಲಿ ಹೆಚ್ಚಿ ರಾತ್ರಿ ಮನೆಯ ದೀಪಕ್ಕೆ ಬರುತ್ತದೆ. ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ನಿದ್ದೆಯಲ್ಲಿ ಕೈ ತಾಗಿ ಉಜ್ಜಿಹೋದರೆ ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಹತ್ತುತ್ತದೆ. ಮೊಣಕೈಯ ಮಡಿಕೆಯಲ್ಲಿ ಆದರೆ ಮಡಿಕೆಯ ಎರಡೂ ಬದಿಗೆ ಒಂದೇ ಆಕಾರದ ಗಾಯದ ಅಚ್ಚು ಬೀಳುತ್ತದೆ. ಹುಳವನ್ನು ಹೊಸಕದೆ ಊದಿ ಹಾರಿಸುವುದು, ತಾಗಿದ ಜಾಗವನ್ನು ಕೂಡಲೇ ಸೋಪು ಹಾಕಿ ತೊಳೆಯುವುದು, ಮಲಗುವ ಕೋಣೆಯ ದೀಪ ಬೇಗ ಆರಿಸುವುದು, ಇಷ್ಟು ಮಾಡಿದರೆ ಹೆಚ್ಚಿನ ತೊಂದರೆ ತಪ್ಪುತ್ತದೆ.

ತಪ್ಪಾಗಿ ಹೊರಿಸಿದ ಈ ಅಪವಾದದಿಂದ ಜೇಡಕ್ಕೆ ಆಗುವ ಹಾನಿಗಿಂತ ನಮಗೆ ಆಗುವ ಹಾನಿ ದೊಡ್ಡದು. ಸೊಂಟದ ಒಂದೇ ಬದಿಗೆ ಸಾಲಾಗಿ ಏಳುವ ಗುಳ್ಳೆ ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಸ್ ವಿರುದ್ಧದ ಮಾತ್ರೆ ಶುರು ಮಾಡಿದರೆ ಪ್ರಯೋಜನ ಹೆಚ್ಚು. ಜೇಡ ಎಂದುಕೊಂಡು ಲೇಪ ಹಚ್ಚಿ ಕೂತರೆ ಆ ಮೂರು ದಿನ ಹೋಗಿಬಿಡುತ್ತದೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ನೋವಿಲ್ಲದ ಕಪ್ಪು ಹೆಕ್ಕಳೆ ಕಟ್ಟಿದ ಗಾಯ, ಜತೆಗೆ ಬಿಡದ ಜ್ವರ ಇದ್ದರೆ ಅದು ಸ್ಕ್ರಬ್ ಟೈಫಸ್ ಇರಬಹುದು. ಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿ ಬರುವ ಕಾಯಿಲೆ ಅದು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಕ್ಕೆ ಬಗ್ಗುತ್ತದೆ, ತಡವಾದರೆ ಪ್ರಾಣಕ್ಕೇ ಬರುತ್ತದೆ. ಜೇಡ ಎಂಬ ಹೆಸರು ಕಿವಿಗೆ ಬಿದ್ದಾಗಲೆಲ್ಲ ಆ ಮಾತು ಜೇಡದ ಬಗ್ಗೆಯೋ, ಜೇಡದ ಆಕಾರದ ಬಗ್ಗೆಯೋ, ಅದರ ನೆಂಟರ ಬಗ್ಗೆಯೋ ಎಂದು ಬೇರೆ ಮಾಡಿ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆಕಾರದಿಂದಲೇ ಶುರು ಮಾಡೋಣ. ವೈದ್ಯರು ‘ಸ್ಪೈಡರ್ ನೇವಸ್’ ಎನ್ನುವುದು ಚರ್ಮದ ಮೇಲಿನ ಒಂದು ಗುರುತನ್ನು. ನಡುವೆ ಕೆಂಪು ಚುಕ್ಕೆ, ಅಲ್ಲಿಂದ ಸುತ್ತ ಹೊರಟ ಕೂದಲೆಳೆಯಂಥ ರಕ್ತನಾಳಗಳು. ನಡುವಿನ ಚುಕ್ಕೆಯನ್ನು ಒತ್ತಿದರೆ ಸುತ್ತಲಿನ ಗೆರೆಗಳೆಲ್ಲ ಮಾಯವಾಗುತ್ತವೆ, ಬಿಟ್ಟರೆ ನಡುವಿನಿಂದ ಹೊರಕ್ಕೆ ಮತ್ತೆ ರಕ್ತ ತುಂಬಿಕೊಳ್ಳುತ್ತದೆ. ಮುಖ, ಕುತ್ತಿಗೆ, ಎದೆಯ ಮೇಲ್ಭಾಗ, ತೋಳು ಇವುಗಳ ಮೇಲೇ ಸಾಮಾನ್ಯವಾಗಿ ಕಾಣುವುದು. ಮಕ್ಕಳಲ್ಲಿ ಒಂದೆರಡು ಇದ್ದರೆ ಹೆದರಬೇಕಿಲ್ಲ. ಬಸುರಿಯರಲ್ಲಿ ಬಂದು ಹೆರಿಗೆಯ ನಂತರ ಮಾಸಿಹೋಗುವುದೂ ಇದೆ. ಆದರೆ ನಡುವಯಸ್ಸಿನ ಗಂಡಸಿನ ಎದೆಯ ಮೇಲೆ ಐದಾರು ಮೂಡಿದರೆ ವೈದ್ಯರು ಲಿವರ್ ಕಡೆ ಗಮನ ಕೊಡುತ್ತಾರೆ. ಈಸ್ಟ್ರೋಜನ್ ಹಾರ್ಮೋನನ್ನು ಒಡೆದು ಹೊರಹಾಕುವ ಕೆಲಸ ಲಿವರಿನದು. ಅದು ಸೋತರೆ ಹಾರ್ಮೋನು ರಕ್ತದಲ್ಲಿ ಹೆಚ್ಚಾಗಿ ಚರ್ಮದ ಸಣ್ಣ ನಾಳಗಳು ಹಿಗ್ಗುತ್ತವೆ ಎಂಬುದು ಒಪ್ಪಿತ ವಿವರಣೆ. ಕುಡಿತ, ಬಹುಕಾಲದ ಹೆಪಟೈಟಿಸ್, ಕೊಬ್ಬು ತುಂಬಿದ ಲಿವರ್, ಯಾವ ದಾರಿಯಿಂದ ಸಿರೋಸಿಸ್ ಬಂದರೂ ಈ ಗುರುತು ಬರಬಹುದು.

ಇಲ್ಲಿ ನಮ್ಮವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಪಠ್ಯಪುಸ್ತಕದ ಚಿತ್ರಗಳು ಬಹುಮಟ್ಟಿಗೆ ಬಿಳಿ ಚರ್ಮದವು. ಬಿಸಿಲಲ್ಲಿ ದುಡಿದು ಕಪ್ಪಾದ ಮೈಮೇಲೆ ಈ ಕೆಂಪು ಗೆರೆ ಸುಲಭಕ್ಕೆ ಕಾಣುವುದಿಲ್ಲ. ಒಳ್ಳೆಯ ಬೆಳಕು ಬೇಕು, ಹುಡುಕುವ ಕಣ್ಣು ಬೇಕು. ಗುರುತು ಕಾಣಲಿಲ್ಲ ಎಂಬ ಕಾರಣಕ್ಕೆ ಲಿವರ್ ಸರಿ ಇದೆ ಎಂದು ಯಾರೂ ನಿಶ್ಚಿಂತರಾಗಬಾರದು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಈಗ ಉಜಿರೆಯಲ್ಲೇ ಸಿಗುತ್ತದೆ.

ಕಾಲಿನ ಮೇಲೆ ನೀಲಿ-ನೇರಳೆ ಗೆರೆಗಳು ಹರಡುವುದನ್ನು ‘ಸ್ಪೈಡರ್ ವೇನ್’ ಎನ್ನುತ್ತಾರೆ. ನಿಂತೇ ದುಡಿಯುವ ಅಡುಗೆಯವರಲ್ಲಿ, ಅಧ್ಯಾಪಕರಲ್ಲಿ ಕಾಣುತ್ತೇವೆ. ನೋಡಲು ಚೆಂದವಿಲ್ಲ ಎನ್ನುವುದು ಬಿಟ್ಟರೆ ಹೆಚ್ಚಿನವು ನಿರಪಾಯಕಾರಿ.

ಇನ್ನೊಂದು ಜೇಡ ಎಲ್ಲರ ತಲೆಯೊಳಗೂ ಇದೆ. ಮಿದುಳು, ಬೆನ್ನುಹುರಿಗಳನ್ನು ಸುತ್ತಿಕೊಂಡಿರುವ ಮೂರು ಪೊರೆಗಳಲ್ಲಿ ನಡುವಿನದಕ್ಕೆ ಅರಾಕ್ನಾಯ್ಡ್ ಎಂದು ಹೆಸರು, ಜೇಡನ ಬಲೆಯಂಥದ್ದು ಎಂದರ್ಥ. ಅದರ ಅಡಿಯ ನವಿರಾದ ಎಳೆಗಳ ನಡುವಿನ ಜಾಗದಲ್ಲಿ ಮಿದುಳಿನ ದ್ರವ ಹರಿಯುತ್ತಿರುತ್ತದೆ. ಒಂದು ಸಲಕ್ಕೆ ದೇಹದಲ್ಲಿರುವುದು ಸುಮಾರು 150 ಮಿಲಿಲೀಟರ್, ದಿನಕ್ಕೆ ಹುಟ್ಟುವುದು ಸುಮಾರು 500. ಸಿಸೇರಿಯನ್ ಹೆರಿಗೆಗೆ ಮುನ್ನ ‘ಬೆನ್ನಿಗೆ ಕೊಡುವ ಇಂಜೆಕ್ಷನ್’ ಮುಟ್ಟುವುದು ಈ ಪೊರೆಯ ಒಳಗಿನ ಜಾಗವನ್ನೇ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯ ಅದನ್ನು ಮೊದಲು ಬಳಸಿದ. ಬೆನ್ನುಹುರಿ ಮುಗಿಯುವ ಮಟ್ಟಕ್ಕಿಂತ ಕೆಳಗೇ ಸೂಜಿ ಹಾಕುವುದರಿಂದ ಹುರಿಗೆ ಪೆಟ್ಟಾಗುವ ಭಯ ಬಹಳ ಕಡಿಮೆ. ಹೆರಿಗೆಯಾದ ಎಷ್ಟೋ ತಾಯಂದಿರು ಮುಂದಿನ ಹತ್ತಿಪ್ಪತ್ತು ವರ್ಷಗಳ ಸೊಂಟನೋವನ್ನೆಲ್ಲ ಆ ಒಂದು ಸೂಜಿಯ ಲೆಕ್ಕಕ್ಕೆ ಬರೆಯುತ್ತಾರೆ. ನೋವು ಸುಳ್ಳಲ್ಲ. ಕಾರಣ ಮಾತ್ರ ಬಹುತೇಕ ಬೇರೆಯೇ ಇರುತ್ತದೆ: ಬಸುರಿನಲ್ಲಿ ಸಡಿಲಗೊಂಡ ಸೊಂಟ, ಮಗು ಎತ್ತಿ ಬಗ್ಗಿ ಏಳುವ ದುಡಿಮೆ, ವಿಶ್ರಾಂತಿ ಸಿಗದ ಬಾಣಂತನ.

ಅದೇ ಜಾಗದಲ್ಲಿ ರಕ್ತನಾಳ ಒಡೆದರೆ ಮಾತ್ರ ಗಂಭೀರ. ಇದುವರೆಗೆ ಬಾರದಂಥ ತಲೆನೋವು ಒಂದೇ ಕ್ಷಣದಲ್ಲಿ ಬಡಿಯುತ್ತದೆ, ವಾಂತಿಯಾಗುತ್ತದೆ, ಕುತ್ತಿಗೆ ಬಿಗಿಯುತ್ತದೆ. ಮುಂಡಾಜೆಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಸುಮಾರು 70 ಕಿಲೋಮೀಟರ್. ಅಂಥ ತಲೆನೋವಿಗೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬಾರದು.

ಬೆರಳುಗಳಿಗೂ ಜೇಡದ ಹೆಸರಿದೆ. 1896ರಲ್ಲಿ ಪ್ಯಾರಿಸಿನ ಆಂತ್ವಾನ್ ಮಾರ್ಫಾನ್ ಎಂಬ ಮಕ್ಕಳ ವೈದ್ಯ ಐದು ವರ್ಷದ ಹುಡುಗಿಯೊಬ್ಬಳ ಉದ್ದನೆಯ ತೆಳ್ಳನೆಯ ಬೆರಳುಗಳನ್ನು ಜೇಡದ ಕಾಲಿಗೆ ಹೋಲಿಸಿ ವರ್ಣಿಸಿದ. ಅವನ ಹೆಸರಿನ ಮಾರ್ಫಾನ್ ಸಿಂಡ್ರೋಮಿನಲ್ಲಿ ದೇಹದ ಅಂಗಾಂಶಗಳನ್ನು ಹಿಡಿದಿಡುವ ಫೈಬ್ರಿಲಿನ್ ಎಂಬ ಪ್ರೋಟೀನು ದೋಷದಿಂದ ಕೂಡಿರುತ್ತದೆ. ಆಳು ಎತ್ತರ, ಕೈಕಾಲು ನೀಳ. ಹೆಬ್ಬೆರಳನ್ನು ಅಂಗೈಗೆ ಮಡಚಿ ಮುಷ್ಟಿ ಕಟ್ಟಿದರೆ ಅದರ ತುದಿ ಕಿರುಬೆರಳಿನ ಬದಿಯಿಂದ ಹೊರಗೆ ಇಣುಕುತ್ತದೆ. ಅಪಾಯ ಇರುವುದು ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ. ಅದು ಸದ್ದಿಲ್ಲದೆ ಹಿಗ್ಗುತ್ತಾ ಹೋಗಿ ಒಂದು ದಿನ ಸೀಳಬಹುದು. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೊ ಹೈಮನ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದವಳು. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ತೀರಿಕೊಂಡಳು, 31 ವರ್ಷ. ಮಾರ್ಫಾನ್ ಇತ್ತೆಂಬುದು ತಿಳಿದದ್ದೇ ಸತ್ತ ಮೇಲೆ. ಬೆಳ್ತಂಗಡಿ ತಾಲೂಕು ವಾಲಿಬಾಲ್ ಹಚ್ಚಿಕೊಂಡ ಸೀಮೆ. ಹಬ್ಬ ಜಾತ್ರೆಗಳ ಸುತ್ತ ಹೊನಲು ಬೆಳಕಿನ ಪಂದ್ಯಗಳು ನಡೆಯುತ್ತವೆ, ಎತ್ತರದ ಹುಡುಗ ಹುಡುಗಿಯರನ್ನು ಶಾಲೆಯಲ್ಲೇ ಗುರುತಿಸಿ ತಂಡಕ್ಕೆ ತರುತ್ತಾರೆ. ತರಬೇತುದಾರರು ಬೆರಳುಗಳನ್ನೂ ಒಮ್ಮೆ ನೋಡಲಿ. ಸಂಶಯ ಬಂದರೆ ಹೃದಯದ ಒಂದು ಎಕೋ ಪರೀಕ್ಷೆ ಸಾಕು.

ಯಂತ್ರಗಳ ಲೋಕದ ಜೇಡಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನ ಅಡಿಯಲ್ಲಿದೆ. ಸೋಮಂತಡ್ಕ ದಾಟಿ ಘಾಟಿಯ ತಿರುವುಗಳಿಗೆ ಹೊಕ್ಕ ಗಾಡಿಯ ಹೊರಬದಿಯ ಚಕ್ರ ಒಳಬದಿಯದ್ದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದುಕೊಂಡಿದ್ದರೆ ಟೈರು ಉಜ್ಜಿಹೋಗುತ್ತದೆ, ಗಾಡಿ ತಿರುಗಲು ಒಪ್ಪುವುದಿಲ್ಲ. ಹಿಂದಿನ ಆಕ್ಸಲ್ ನಡುವಿನ ದುಂಡು ಗಡಿಗೆಯೊಳಗೆ, ಡಿಫರೆನ್ಶಿಯಲ್‌ನಲ್ಲಿ, ನಾಲ್ಕು ತೋಳಿನ ಒಂದು ಉಕ್ಕಿನ ಶಿಲುಬೆ ಇರುತ್ತದೆ. ಅದು ಸ್ಪೈಡರ್. ಒಂದೊಂದು ತೋಳಿಗೂ ಒಂದೊಂದು ಸಣ್ಣ ಹಲ್ಲುಗಾಲಿ. ನೇರ ರಸ್ತೆಯಲ್ಲಿ ಈ ಗಾಲಿಗಳು ತಮ್ಮ ತೋಳಿನ ಮೇಲೆ ಸುತ್ತುವುದೇ ಇಲ್ಲ, ಶಿಲುಬೆಯ ಜತೆಗೆ ಇಡಿಯಾಗಿ ತಿರುಗುತ್ತವೆ. ತಿರುವು ಬಂದಾಗ ಮಾತ್ರ ತಮ್ಮಷ್ಟಕ್ಕೆ ಹೊರಳಿ ಒಳಚಕ್ರದ ವೇಗದಿಂದ ಕಳೆದದ್ದನ್ನು ಹೊರಚಕ್ರಕ್ಕೆ ಕೂಡಿಸುತ್ತವೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಹೆಚ್ಚು ಹೊತ್ತು ಸುಮ್ಮನಿರುವ ಈ ಭಾಗಕ್ಕೆ ಘಾಟಿಯಲ್ಲಿ ಬಿಡುವೇ ಇಲ್ಲ. ಧರ್ಮಸ್ಥಳಕ್ಕೆ ಹೋಗುವ, ಅಲ್ಲಿಂದ ಮರಳುವ ಎಷ್ಟು ಸಾವಿರ ಜನರನ್ನು ಅದು ಹೊತ್ತು ತಿರುಗಿಸಿದೆಯೋ, ಕಂಡವರು ಗ್ಯಾರೇಜಿನವರು ಮಾತ್ರ.

ಯಕ್ಷಗಾನ ನೋಡುವವರು ರಾತ್ರಿಯಿಡೀ ಇನ್ನೊಂದು ಸ್ಪೈಡರಿನ ಕೆಲಸವನ್ನು ಕೇಳಿರುತ್ತಾರೆ. ಸ್ಪೀಕರ್ ಬಿಚ್ಚಿದರೆ ಕಾಗದದ ಕೋನಿನ ಹಿಂದೆ ನಿರಿಗೆ ನಿರಿಗೆಯಾದ, ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ಬಟ್ಟೆಯ ಉಂಗುರ ಕಾಣುತ್ತದೆ. ಅಯಸ್ಕಾಂತದ ಇಕ್ಕಟ್ಟಾದ ಸಂದಿನಲ್ಲಿ ಆಡುವ ತಂತಿಸುರುಳಿಯನ್ನು ಅತ್ತಿತ್ತ ಸರಿಯದಂತೆ ಹಿಡಿದಿರುವುದು ಅದೇ. ಹಳೆಯ ಸ್ಪೀಕರುಗಳಲ್ಲಿ ಕಾಲುಗಳ ಆಕಾರಕ್ಕೆ ಕತ್ತರಿಸಿದ ತೆಳು ಹಾಳೆ ಇರುತ್ತಿತ್ತು, ಹೆಸರು ಅಲ್ಲಿಂದ ಬಂತು. ಅದು ಸಡಿಲಿ ಸುರುಳಿ ಒರೆಯತೊಡಗಿದರೆ ಭಾಗವತರ ಕಂಠ ಎಷ್ಟೇ ಶುದ್ಧವಾಗಿರಲಿ, ನಮಗೆ ಕೇಳುವುದು ಗರಗರ.

ಅಂತರಜಾಲದ ಪುಟಗಳನ್ನು ಒಂದರಿಂದೊಂದಕ್ಕೆ ಹಿಡಿದು ಓದಿ ಪಟ್ಟಿ ಮಾಡುವ ತಂತ್ರಾಂಶಕ್ಕೂ ಸ್ಪೈಡರ್ ಎನ್ನುತ್ತಾರೆ. ಕನ್ನಡದ ಪಾಲಿಗೆ ಇದು ಸಣ್ಣ ವಿಷಯವಲ್ಲ. ಯೂನಿಕೋಡ್ ಬರುವ ಮೊದಲು ಒಬ್ಬೊಬ್ಬರದು ಒಂದೊಂದು ಫಾಂಟು. ಪರದೆಯ ಮೇಲೆ ನಮಗೆ ಕನ್ನಡ ಕಂಡರೂ ಕಡತದೊಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಬಂದ ಸ್ಪೈಡರುಗಳಿಗೆ ಅಲ್ಲಿ ಕನ್ನಡ ಇದೆಯೆಂದೇ ತಿಳಿಯುತ್ತಿರಲಿಲ್ಲ, ಹುಡುಕಿದವರಿಗೆ ಸಿಗುತ್ತಲೂ ಇರಲಿಲ್ಲ. ಕನ್ನಡ ಕೀಲಿಮಣೆಗೆ ತರ್ಕಬದ್ಧ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ನಮ್ಮ ಜಿಲ್ಲೆಯ ಕಿನ್ನಿಕಂಬಳದವರೇ. ಹಳೆಯ ಫಾಂಟುಗಳಲ್ಲಿ ಉಳಿದುಹೋದ ಬರಹಗಳನ್ನು ಯೂನಿಕೋಡಿಗೆ ತಂದು ಹಾಕುವ ಕೆಲಸ ಇನ್ನೂ ಬಾಕಿ ಇದ್ದಲ್ಲೆಲ್ಲ ಆಗಲೇಬೇಕು.

ಆಕಾರದ ಮಾತು ಸಾಕು. ಇನ್ನು ಜೇಡದ ನೆಂಟರಾದ ನುಸಿ, ಉಣುಗುಗಳಿಗೆ ಬರುತ್ತೇನೆ, ಹೆಚ್ಚು ಹೇಳಬೇಕಾದದ್ದು ಇಲ್ಲೇ.

ಅಡಿಕೆ ಕೃಷಿಕರಿಗೆ ನುಸಿಯ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಸಸಿಮಡಿಯ ಸೋಗೆಯ ಅಡಿಬದಿಯಲ್ಲಿ ಕೆಂಪು ನುಸಿ ಕೂತು ರಸ ಹೀರುತ್ತದೆ. ಎಲೆಯಲ್ಲಿ ಹಳದಿ ಚುಕ್ಕೆ ಎದ್ದು, ಕಂಚಿನ ಬಣ್ಣಕ್ಕೆ ತಿರುಗಿ ಒಣಗುತ್ತದೆ. ರಾವೋಯಿಯೆಲ್ಲಾ ಇಂಡಿಕಾ ಎಂಬ ಈ ನುಸಿಯನ್ನು ಮೊದಲು ವರ್ಣಿಸಿದ್ದು 1924ರಲ್ಲಿ, ಕೊಯಮತ್ತೂರಿನ ತೆಂಗಿನ ಗರಿಯಿಂದ. 2004ರಲ್ಲಿ ಅದು ಕೆರಿಬಿಯನ್ ದ್ವೀಪಗಳನ್ನೂ ಮುಟ್ಟಿತು. ತೆಂಗಿನ ಎಳೆಗಾಯಿಯ ತೊಟ್ಟಿನಡಿ ಸೇರಿಕೊಂಡು ಸಿಪ್ಪೆ ಸೀಳಿಸುವ ಇನ್ನೊಂದು ನುಸಿ 1998ರಲ್ಲಿ ಕೇರಳದಲ್ಲಿ ಕಂಡು ನಮ್ಮಲ್ಲಿಗೂ ಬಂತು. ಜೇಡದ ಬಳಗದ್ದಾದರೂ ಅದಕ್ಕೆ ಕಾಲು ನಾಲ್ಕೇ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಇರುವ ಅಡಿಕೆ ಸಂಶೋಧನಾ ಕೇಂದ್ರ ಇಂಥ ಪೀಡೆಗಳ ವಿಷಯದಲ್ಲಿ ಸಲಹೆ ಕೊಡುತ್ತದೆ. ಸಿಕ್ಕಿದ ಕೀಟನಾಶಕವನ್ನು ಸಿಕ್ಕಿದ ಹಾಗೆ ಹೊಡೆದರೆ ನುಸಿಯನ್ನು ತಿನ್ನುವ ಪರಭಕ್ಷಕ ನುಸಿ, ಗುಲಗಂಜಿ ಹುಳ, ಜೇಡ ಎಲ್ಲ ಮೊದಲು ಸಾಯುತ್ತವೆ, ನುಸಿ ಮಾತ್ರ ಎರಡು ಪಟ್ಟಾಗಿ ಮರಳುತ್ತದೆ.

ಆದರೆ ಬೆಳ್ತಂಗಡಿ ತಾಲೂಕಿನ ಹಿರಿಯರು ಮರೆಯದ ಎಂಟು ಕಾಲಿನ ಪ್ರಾಣಿ ಉಣುಗು. ಅದು ಹರಡುವ ಮಂಗನ ಕಾಯಿಲೆ ಎಂದರೆ ಇಂದು ಎಲ್ಲರ ನೆನಪಿಗೆ ಬರುವುದು ಶಿವಮೊಗ್ಗ, ಉತ್ತರ ಕನ್ನಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಬಳಿ ಮಂಗಗಳು ಸಾಲಾಗಿ ಸತ್ತು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಬೇರ್ಪಡಿಸಿದರು. ಕಾಲು ಶತಮಾನ ಕಳೆದ ಮೇಲೆ, 1982ರ ಕೊನೆಯಿಂದ, ಅದೇ ಕಾಯಿಲೆ ಬೆಳ್ತಂಗಡಿ ತಾಲೂಕಿನ ನಿಡ್ಲೆ ಕಾಡಿನ ಸುತ್ತ ಎರಗಿತು. ಗೇರು ನೆಡುತೋಪಿಗಾಗಿ ಅಲ್ಲಿ ಹಳೆಯ ಕಾಡನ್ನು ಬುಡಸಮೇತ ಕಡಿಯಲಾಗಿತ್ತು. ಮರ ಕಡಿದವರಿಗೆ, ಅಲ್ಲೇ ಸೌದೆ ಸೊಪ್ಪು ತಂದವರಿಗೆ, ದನ ಮೇಯಿಸಿದವರಿಗೆ ಮೊದಲು ಬಂತು. ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಅನೇಕರು ಸತ್ತರು. ನಿಡ್ಲೆ ಮುಂಡಾಜೆಗೆ ದೂರದ ಊರಲ್ಲ.

ಕಾಡು ಕಡಿದದ್ದಕ್ಕೂ ಜ್ವರಕ್ಕೂ ಏನು ಸಂಬಂಧ? ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮರಿಯಾಗಿದ್ದಾಗ ಆರು ಕಾಲಿನದು, ಇಲಿ, ಮೂಗಿಲಿ, ಹಕ್ಕಿಗಳ ರಕ್ತ ಕುಡಿಯುತ್ತದೆ. ಪೊರೆ ಕಳಚಿ ಎಂಟು ಕಾಲಿನ ನಿಂಫ್ ಆಗುತ್ತದೆ. ಆಗ ಅದು ಎಳ್ಳಿಗಿಂತ ದೊಡ್ಡದಿಲ್ಲ, ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಈ ಹಂತದಲ್ಲೇ. ಮಂಗ, ಮುಸುವಗಳ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ. ಸತ್ತ ಮಂಗದ ಮೈ ತಣ್ಣಗಾದೊಡನೆ ಸೋಂಕು ಹೊತ್ತ ಉಣುಗುಗಳು ಉದುರಿ ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ದಟ್ಟ ಕಾಡಿನ ಒಳಗೆ ಮನುಷ್ಯರ ಕಾಲು ಬೀಳದೆ ನಡೆಯುತ್ತಿದ್ದ ಈ ಚಕ್ರದ ನಡುವೆ ಕೊಡಲಿ ಹಿಡಿದ ನೂರಾರು ಜನ ಹೋಗಿ ನಿಂತರು. ಕಡಿದ ಜಾಗದಲ್ಲಿ ಬೆಳೆದ ಪೊದೆ, ಅಲ್ಲಿ ಮೇಯಲು ಬಂದ ದನ ಉಣುಗಿನ ಸಂತಾನಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟವು. ಸತ್ತವರ ಸಾವಿಗೆ ಉಣುಗೊಂದೇ ಕಾರಣ ಎಂದು ಬರೆದರೆ ಕಾಡು ಕಡಿಸಿದ ತೀರ್ಮಾನವನ್ನು ಮುಚ್ಚಿಟ್ಟಂತೆ.

ಮಂಗನ ಕಾಯಿಲೆಯ ಲಕ್ಷಣ ಹಠಾತ್ ಜ್ವರ, ತಲೆ ಸಿಡಿತ, ಮೈ ಮುಟ್ಟಲಾಗದಷ್ಟು ಸ್ನಾಯುನೋವು, ಕೆಲವರಲ್ಲಿ ಒಸಡು, ಮೂಗಿನಿಂದ ರಕ್ತ. ವಾರ ಎರಡು ವಾರದಲ್ಲಿ ಜ್ವರ ಬಿಟ್ಟಂತಾಗಿ ಕೆಲವರಿಗೆ ಮತ್ತೆ ಏರುತ್ತದೆ, ಎರಡನೇ ಸುತ್ತಿನಲ್ಲಿ ಮಿದುಳು ಮತ್ತು ಅದರ ಪೊರೆಗಳಿಗೇ ತಾಗುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆರೈಕೆ ಮಾಡುವವರು ಹೆದರಬೇಕಿಲ್ಲ. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ, ಬೇಗ ಸೇರಿಸಿ ದೇಹದ ನೀರು, ರಕ್ತದ ಮಟ್ಟ ಕಾಪಾಡುವುದೇ ಚಿಕಿತ್ಸೆ. ದಶಕಗಳಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದರು, ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸ ಮಾಡುತ್ತಿದೆ. ಹಾಗಾಗಿ ಡಿಸೆಂಬರಿನಿಂದ ಮೇ ವರೆಗೆ ಹಟ್ಟಿಗೆ ಸೊಪ್ಪು, ತರಗೆಲೆ ತರಲು ಗುಡ್ಡೆ ಹತ್ತುವವರು ಮೈತುಂಬ ಬಟ್ಟೆ ತೊಡಬೇಕು, ಆರೋಗ್ಯ ಕೇಂದ್ರದವರು ಕೊಡುವ ಉಣುಗು ನಿರೋಧಕ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮರಳಿ ಬಂದೊಡನೆ ಬಿಸಿನೀರಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಪಂಚಾಯತಿಗೋ ಆಸ್ಪತ್ರೆಗೋ ತಿಳಿಸಬೇಕು. ಜ್ವರ ಬಂದು ವೈದ್ಯರ ಮುಂದೆ ಕೂತಾಗ ಕಾಡಿಗೆ ಹೋಗಿದ್ದೆ ಎಂಬ ಮಾತನ್ನು ಕೇಳುವ ಮೊದಲೇ ಹೇಳಿಬಿಡಬೇಕು.

ಇಷ್ಟೆಲ್ಲದರ ನಡುವೆ ನಿಜವಾದ ಜೇಡ ತನ್ನ ಪಾಡಿಗೆ ತೋಟದಲ್ಲಿದೆ. ಮಳೆ ಕಳೆದ ಮೇಲೆ ಅಡಿಕೆ ಮರಗಳ ನಡುವೆ ಹೊಂಬಣ್ಣದ ದೊಡ್ಡ ಬಲೆ ಕಟ್ಟುವ ಹೆಮ್ಮರ ಜೇಡದ ಹೆಣ್ಣು ಅಂಗೈಯಗಲ, ಅದೇ ಬಲೆಯ ಅಂಚಿನಲ್ಲಿರುವ ಗಂಡು ಉಗುರಿನಷ್ಟೂ ಇಲ್ಲ. ಜಗತ್ತಿನಲ್ಲಿ ಹೆಸರಿಸಿದ ಜೇಡಗಳ ಸಂಖ್ಯೆ 2022ರಲ್ಲೇ 50,000 ದಾಟಿತು. ಮನುಷ್ಯರಿಗೆ ಅಪಾಯ ಮಾಡಬಲ್ಲವು ಅದರಲ್ಲಿ ಬೆರಳೆಣಿಕೆಯ ಕುಲಗಳು.

ಚಾರ್ಮಾಡಿ ಹತ್ತಿ ಆಚೆ ಇಳಿದರೆ ಮೂಡಿಗೆರೆ ತಾಲೂಕಿನ ಮಧುಗುಂಡಿ. ಅಲ್ಲಿ ಸಿಕ್ಕ ಹಾರುವ ಜೇಡವೊಂದನ್ನು ಅಜಿತ್ ಪಡಿಯಾರ್ ಮತ್ತು ಸಂಗಡಿಗರು 2025ರಲ್ಲಿ ‘ಪಿಲಿಯಾ ಮಲೆನಾಡು’ ಎಂಬ ಹೊಸ ಪ್ರಭೇದವಾಗಿ ವರ್ಣಿಸಿದರು. ಪಿಲಿಯಾ ಎಂಬ ಕುಲವನ್ನು ಹೆಸರಿಸಿದ್ದು 1902ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದರ ಬಗ್ಗೆ ಗೊತ್ತಿದ್ದದ್ದು ಅತ್ಯಲ್ಪ. ಇದು ಬಲೆ ಕಟ್ಟಿ ಕೂರುವ ಜಾತಿಯಲ್ಲ, ಎಲೆಯಿಂದೆಲೆಗೆ ಜಿಗಿದು ಬೇಟೆಯಾಡುತ್ತದೆ. ಮೆಮೆಸಿಲಾನ್ ಕುಲದ ಗಿಡಗಳ ಮೇಲೇ ಸಿಕ್ಕಿತು. ಅಂಥ ಗಿಡಗಳು ಘಾಟಿಯ ಈಚೆಗೂ ಇವೆ, ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದೂ ಅಂಚಿನ ಪೊದೆಗಳೇ. ಮುಂಡಾಜೆಯ ಶಾಲೆ ಕಾಲೇಜುಗಳ ಮಕ್ಕಳು ಇಂಥ ಜೇಡ ಹುಡುಕಲು ದೊಡ್ಡ ಉಪಕರಣ ಕೊಳ್ಳಬೇಕಿಲ್ಲ. ಎಲೆ ಮಗುಚಿ ನೋಡಲಿ. ಮುಖದ ಮುಂದೆ ನಾಲ್ಕು ಕಣ್ಣು ಸಾಲಾಗಿದ್ದು ನಡುವಿನೆರಡು ದೊಡ್ಡವಾಗಿದ್ದರೆ ಅದು ಹಾರುವ ಜೇಡ. ಕಣ್ಣುಗಳು ಸ್ಪಷ್ಟವಾಗುವಂತೆ ಒಂದು ಫೋಟೊ, ಗಿಡದ್ದೊಂದು ಫೋಟೊ, ದಿನಾಂಕ, ಜಾಗ ಬರೆದಿಡಲಿ. ಡಿಸೆಂಬರ್ ಆಗಿದ್ದರೆ ಮೊದಲು ಕಾಲಿಗೆ ಎಣ್ಣೆ ಹಚ್ಚಿಕೊಳ್ಳಲಿ.